ಅರವತ್ತಾರಾ, ಎಪ್ಪತ್ಮೂರಾ?

ಹಾಸ್ಟೆಲ್‌ನಲ್ಲಿ ನನ್ನ ಹೆಸರು ಕೇಳಿದವರು ಮುಂದೆ ಕೇಳುವ ಪ್ರಶ್ನೆ ಒಂದೇ. "ಓ ಕ್ರಿಶ್ಚಿಯನ್ನಾ? ಅದ್ರಲ್ಲಿ ಯಾವ್ದು, ಆರ್‌ಸಿನಾ ಪ್ರಾಟೆಸ್ಟಂಟಾ?" ನಾನು "ಪಪ್ಪ ಆರ್‌ಸಿ, ಅಮ್ಮ ಪ್ರಾಟೆಸ್ಟಂಟ್" ಅಂತ ಹೇಳಿದರೆ "ಅದ್ರಲ್ಲೇನು ವ್ಯತ್ಯಾಸ" ಅನ್ನೋ ಹಾಗೆ ನೋಡ್ತಾರೆ. ಹಾಸನದ ನನ್ನ ರೂಮ್‌ಮೇಟ್ ಅಂತೂ ನೇರವಾಗಿ ಕೇಳಿದಳು: "ಒಬ್ನೇ ಯೇಸು, ಒಂದೇ ಬೈಬಲ್ಲು. ಮತ್ಯಾಕೆ ನಿಮ್ಮಲ್ಲಿ ಇಷ್ಟೊಂದು ಚರ್ಚು, ಇಷ್ಟೊಂದು ಜಗಳ ಕಣೇ?"

ಯೇಸು ಒಬ್ಬನೇ, ಸರಿ. ಬೈಬಲ್ ಒಂದೇ ಅಂದಳಲ್ಲ, ವಿಷಯ ಇರೋದೇ ಅಲ್ಲಿ.

ಮಂಗಳೂರಿನ ನಮ್ಮ ಮನೆಯ ಶೋಕೇಸಿನಲ್ಲಿ ಎರಡು ಬೈಬಲ್ ಉಂಟು, ಎರಡೂ ಕನ್ನಡದ್ದೇ. ಅಮ್ಮನದ್ದು 'ಸತ್ಯವೇದವು', ಕಪ್ಪು ರಟ್ಟು, ಮದುವೆಗೆ ಅಜ್ಜಿ ಕೊಟ್ಟದ್ದು. ಪಪ್ಪನದ್ದು 'ಶ್ರೀಗ್ರಂಥ', ಶಿವಮೊಗ್ಗದಲ್ಲಿ ಕೆಲಸಕ್ಕಿದ್ದಾಗ ತಗೊಂಡದ್ದು. ಪಪ್ಪನ ಮನೆಮಾತು ಕೊಂಕಣಿ, ಅಮ್ಮನದ್ದು ತುಳು, ನನ್ನ ಸ್ಕೂಲು ಇಂಗ್ಲಿಷ್ ಮೀಡಿಯಂ. ಹಾಗಾಗಿ ಮೂವರೂ ಸೇರಿದರೆ ಕೊನೆಗೆ ಕನ್ನಡದಲ್ಲೇ ಮಾತು. ಈ ಎರಡು ಕನ್ನಡ ಬೈಬಲ್ ಪಕ್ಕಪಕ್ಕ ಇಟ್ಟು ಓದಿದರೆ ಮಜಾ ಅನಿಸ್ತದೆ. ಒಂದರಲ್ಲಿ ದೇವರ ಹೆಸರು 'ಯೆಹೋವ', ಇನ್ನೊಂದರಲ್ಲಿ 'ಸರ್ವೇಶ್ವರ'. ಅಮ್ಮನ ಕಡೆ ಚರ್ಚಿಗೆ 'ಸಭೆ' ಅಂತಾರೆ, ಪಪ್ಪನ ಕಡೆ 'ಧರ್ಮಸಭೆ'. ಅವರಿಗೆ ಭಾನುವಾರ 'ಆರಾಧನೆ', ಇವರಿಗೆ 'ಬಲಿಪೂಜೆ'. ಒಬ್ಬ ಸ್ಮಾರ್ತರನ್ನೂ ಒಬ್ಬ ಲಿಂಗಾಯತರನ್ನೂ ಮಾತಿನಲ್ಲೇ ಗುರುತು ಹಿಡಿಯುವವರು ನಮ್ಮಲ್ಲಿದ್ದಾರಲ್ಲ, ಹಾಗೆ ಒಬ್ಬ ಕನ್ನಡ ಕ್ರೈಸ್ತ ನಾಲ್ಕು ವಾಕ್ಯ ಪ್ರಾರ್ಥನೆ ಮಾಡಿದರೆ ಸಾಕು, ಯಾವ ಕಡೆಯವರು ಅಂತ ಗೊತ್ತಾಗ್ತದೆ.

ಆದರೆ ಇದೆಲ್ಲ ಅನುವಾದದ ವ್ಯತ್ಯಾಸ. ನಿಜವಾದ ವ್ಯತ್ಯಾಸ ವಿಷಯಸೂಚಿಯಲ್ಲೇ ಉಂಟು. ಅಮ್ಮನ ಬೈಬಲ್‌ನಲ್ಲಿ ಪುಸ್ತಕಗಳು 66. ಪಪ್ಪನದ್ದರಲ್ಲಿ 73. ಯೇಸುವಿನ ನಂತರದ ಹೊಸ ಒಡಂಬಡಿಕೆ ಎರಡರಲ್ಲೂ 27, ಅದರಲ್ಲಿ ತಕರಾರಿಲ್ಲ. ಯೇಸುವಿಗಿಂತ ಹಿಂದಿನ ಹಳೆಯ ಒಡಂಬಡಿಕೆಯಲ್ಲಿ ಅಮ್ಮನಿಗೆ 39, ಪಪ್ಪನಿಗೆ 46. ತೋಬಿತ್, ಜೂಡಿತ್, ಸುಜ್ಞಾನ, ಸಿರಾಖ್, ಬಾರೂಕ್, ಮಕ್ಕಬಿಯರ ಎರಡು ಪುಸ್ತಕ, ಹೀಗೆ ಏಳು ಜಾಸ್ತಿ. ಎಸ್ತೇರ್ ಮತ್ತು ದಾನಿಯೇಲ್ ಪುಸ್ತಕಗಳಲ್ಲೂ ಪಪ್ಪನದ್ದರಲ್ಲಿ ಸ್ವಲ್ಪ ಭಾಗ ಹೆಚ್ಚು. (ಇಥಿಯೋಪಿಯಾದ ಆರ್ಥೊಡಾಕ್ಸ್ ಚರ್ಚಿನವರ ಲೆಕ್ಕ 81. ಅಷ್ಟು ದೂರ ಹೋಗೋದು ಬೇಡ, ನಮ್ಮ ಮನೆಯದ್ದೇ ಬೇಕಾದಷ್ಟಿದೆ.)

ಈ ಏಳು ಪುಸ್ತಕಗಳ ಬಗ್ಗೆ ನಾನು ಹತ್ತೊಂಬತ್ತು ವರ್ಷ ತಲೆಕೆಡಿಸಿಕೊಂಡಿರಲಿಲ್ಲ. ಕಳೆದ ವರ್ಷ ಅಜ್ಜಿ ತೀರಿಕೊಂಡರು. ಅಮ್ಮನ ಅಮ್ಮ.

ತಿಂಗಳಾದ ಮೇಲೆ ಒಂದು ಪ್ರಾರ್ಥನಾ ಕೂಟ ಇಟ್ಟರು. ವಾಟ್ಸಾಪಿಗೆ ಹಾಕಲು ಆಮಂತ್ರಣ ಟೈಪ್ ಮಾಡಿದ್ದು ನಾನೇ. ಪಪ್ಪ ಬಾಯಲ್ಲಿ ಹೇಳ್ತಾ ಹೋದರು, ಅದರಲ್ಲಿ 'ಅವರ ಆತ್ಮಶಾಂತಿಗಾಗಿ ಪ್ರಾರ್ಥನೆ' ಅಂತ ಒಂದು ಸಾಲು. ಕನ್ನಡದಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ಪೇಪರಿನ ಶ್ರದ್ಧಾಂಜಲಿ ಕಾಲಂ ತುಂಬಾ ಅದೇ. ಆದರೆ ಮಾವ, ಅಂದರೆ ಅಮ್ಮನ ಅಣ್ಣ, ಮೊಬೈಲ್ ತಗೊಂಡು ಓದಿ ಆ ಸಾಲಿನ ಮೇಲೆ ಬೆರಳಿಟ್ಟರು. "ಇದನ್ನು ತೆಗಿ ಮಗಾ. 'ಅವರ ಜೀವಿತಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸಲು' ಅಂತ ಹಾಕು."

"ಎಂತ ತಪ್ಪುಂಟು ಭಾವ ಅದ್ರಲ್ಲಿ?" ಅಂದರು ಪಪ್ಪ.

"ಅಮ್ಮ ತಲುಪಿ ಆಗಿದೆ ಭಾವ. ಊರಿಗೆ ತಲುಪಿದವರಿಗೆ ನಾವೀಗ ಟಿಕೆಟ್ ತೆಗೆಯೋದುಂಟಾ?"

ಪಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ನಾನು ಅವರಿಗೋಸ್ಕರ ಇಪ್ಪತ್ತೆರಡು ವರ್ಷ ದಿನಾ ಪ್ರಾರ್ಥನೆ ಮಾಡಿದ್ದೇನೆ. ಸತ್ತ ಮಾರನೇ ದಿನದಿಂದ ನಿಲ್ಲಿಸಬೇಕಾ?"

ಇಬ್ಬರೂ ದನಿ ಏರಿಸಲಿಲ್ಲ. ಆದರೆ ಅಮ್ಮ ಎದ್ದು ಒಳಗೆ ಹೋದಳು. ಅದು ಬರೀ ಒಂದು ಸಾಲಿನ ಜಗಳ ಅಲ್ಲ ಅಂತ ನನಗೆ ಗೊತ್ತಾಗಿದ್ದು ಆಗಲೇ. ಸತ್ತ ಅಜ್ಜಿಗಾಗಿ ನಾವು ಏನಾದರೂ ಮಾಡಬಹುದಾ, ಇಲ್ಲವಾ? ಒಬ್ಬರ ಪ್ರಕಾರ ಮಾಡದಿದ್ದರೆ ಅದು ಅಜ್ಜಿಯನ್ನು ಕೈಬಿಟ್ಟ ಹಾಗೆ. ಇನ್ನೊಬ್ಬರ ಪ್ರಕಾರ ಮಾಡಿದರೆ ಅದು ದೇವರನ್ನು ನಂಬದ ಹಾಗೆ.

ಈ ಪ್ರಶ್ನೆಗೂ ಆ ಏಳು ಪುಸ್ತಕಗಳಿಗೂ ನೇರ ಸಂಬಂಧ ಉಂಟು. ಮಕ್ಕಬಿಯರ ಎರಡನೇ ಪುಸ್ತಕದ 12ನೇ ಅಧ್ಯಾಯದಲ್ಲಿ ಒಂದು ಘಟನೆ ಬರ್ತದೆ. ಕ್ರಿಸ್ತಪೂರ್ವ 2ನೇ ಶತಮಾನ, ಯೆಹೂದ್ಯರ ಸೇನಾಪತಿ ಯೂದ ಮಕ್ಕಬಿ. ಯುದ್ಧ ಮುಗಿದ ಮೇಲೆ ಸತ್ತ ಸೈನಿಕರನ್ನು ಹೂಳಲು ಹೋದರೆ ಪ್ರತಿಯೊಬ್ಬನ ಅಂಗಿಯೊಳಗೂ ಬೇರೆ ದೇವರ ತಾಯಿತ ಸಿಕ್ತದೆ. ಯೆಹೂದ್ಯರ ಧರ್ಮದಲ್ಲಿ ಅದು ದೊಡ್ಡ ಪಾಪ. ಯೂದ ಅವರನ್ನು ಬೈದು ಬಿಸಾಡುವುದಿಲ್ಲ. ಉಳಿದ ಸೈನಿಕರಿಂದ ಸುಮಾರು 2000 ಬೆಳ್ಳಿ ನಾಣ್ಯ ಒಟ್ಟುಮಾಡಿ, ಸತ್ತವರ ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳಿಸ್ತಾನೆ. ಸತ್ತವರು ಮತ್ತೆ ಏಳುತ್ತಾರೆ ಅಂತ ನಂಬಿದ್ದರಿಂದಲೇ ಹೀಗೆ ಮಾಡಿದ, ಒಳ್ಳೆಯದೇ ಮಾಡಿದ ಅಂತ ಪುಸ್ತಕ ಬರೆದವನು ಮೆಚ್ಚಿಕೊಳ್ತಾನೆ. ನನಗೆ ಆ ತಾಯಿತದ ವಿವರ ಬಹಳ ಇಷ್ಟ. ಯುದ್ಧಕ್ಕೆ ಹೊರಟ ಹುಡುಗರು, ಎಲ್ಲಿ ಸಾಯ್ತೀವೋ ಅಂತ ಹೆದರಿ, ಯಾರಿಗೂ ಹೇಳದೆ ಒಳಗೆ ಕಟ್ಟಿಕೊಂಡಿದ್ದು. ಸೆಮಿಸ್ಟರ್ ಎಕ್ಸಾಮಿಗೆ ನಾವು ಕಟ್ಟಿಕೊಳ್ಳೋದಿಲ್ವಾ?

ಸತ್ತವರಿಗಾಗಿ ಪ್ರಾರ್ಥಿಸಬಹುದು ಅನ್ನೋದಕ್ಕೆ ಪಪ್ಪನ ಕಡೆಯವರು ತೋರಿಸುವ ದೊಡ್ಡ ಆಧಾರ ಇದು. ಆದರೆ ಆ ಪುಟ ಅಮ್ಮನ ಬೈಬಲ್‌ನಲ್ಲಿ ಇಲ್ಲವೇ ಇಲ್ಲ.

ಯಾಕಿಲ್ಲ ಅನ್ನೋದಕ್ಕೆ ತುಂಬಾ ಹಿಂದೆ ಹೋಗಬೇಕು. ಯೇಸುವಿಗಿಂತ ಎರಡು ಮೂರು ಶತಮಾನ ಮೊದಲು ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಬಹಳ ಯೆಹೂದ್ಯರಿದ್ದರು. ಮಾತು ಗ್ರೀಕ್, ಹೀಬ್ರೂ ಮರೆತುಹೋಗ್ತಾ ಇತ್ತು. (ಬೆಂಗಳೂರಿನಲ್ಲಿ ಬೆಳೆದ ನಮ್ಮ ಕಸಿನ್‌ಗಳ ಕನ್ನಡದ ಹಾಗೆ.) ಅವರಿಗಾಗಿ ಹೀಬ್ರೂ ಗ್ರಂಥಗಳು ಗ್ರೀಕಿಗೆ ಅನುವಾದ ಆದವು. ಆ ಗ್ರೀಕ್ ಸಂಗ್ರಹದ ಜೊತೆ ಈ ಹೆಚ್ಚಿನ ಪುಸ್ತಕಗಳೂ ಓಡಾಡಿದವು. ಮೊದಲ ಕ್ರೈಸ್ತರಲ್ಲಿ ಹೆಚ್ಚಿನವರು ಓದುತ್ತಿದ್ದುದು ಗ್ರೀಕ್ ಆದ್ದರಿಂದ ಅವರ ಕೈಗೆ ಬಂದದ್ದು ಆ ದೊಡ್ಡ ಸಂಗ್ರಹ. ಯೆಹೂದ್ಯರು ಮಾತ್ರ ಕೊನೆಗೆ ತಮ್ಮ ಹೀಬ್ರೂ ಪಟ್ಟಿಯನ್ನೇ ಇಟ್ಟುಕೊಂಡರು. ಎರಡು ಪಟ್ಟಿಯ ಕಥೆ ಶುರುವಾದದ್ದು ಹೀಗೆ.

4ನೇ ಶತಮಾನದ ಕೊನೆಗೆ ಜೆರೋಮ್ ಎಂಬ ಪಂಡಿತ ಬರ್ತಾನೆ. ಬೆತ್ಲೆಹೇಮಿನಲ್ಲಿ ಕೂತು, ಯೆಹೂದ್ಯ ಗುರುಗಳಿಂದ ಹೀಬ್ರೂ ಕಲಿತು, ಮೂಲದಿಂದಲೇ ಲ್ಯಾಟಿನ್‌ಗೆ ಅನುವಾದ ಮಾಡಿದವನು. ಮಹಾ ಕೋಪಿಷ್ಠ. ಹೀಬ್ರೂ ಪಟ್ಟಿಯಲ್ಲಿ ಇಲ್ಲದ ಪುಸ್ತಕಗಳನ್ನು ಓದಿಕೊಳ್ಳಲಿ, ಒಳ್ಳೆಯದೇ, ಆದರೆ ಅವುಗಳ ಮೇಲೆ ಸಿದ್ಧಾಂತ ಕಟ್ಟಬಾರದು ಅಂತ ಅವನ ವಾದ. ಅದೇ ಕಾಲದಲ್ಲಿ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್, ಇವನೂ ಅಷ್ಟೇ ದೊಡ್ಡ ತಲೆ, ದೊಡ್ಡ ಪಟ್ಟಿಯ ಪರ. ಅವನ ಕಡೆಯ ಹಿಪ್ಪೊ ಮತ್ತು ಕಾರ್ತೇಜ್ ಸಭೆಗಳು 393 ಮತ್ತು 397ರಲ್ಲಿ ದೊಡ್ಡ ಪಟ್ಟಿಯನ್ನೇ ಒಪ್ಪಿದವು.

ಇವರಿಬ್ಬರ ನಡುವೆ ಓಡಾಡಿದ ಕಾಗದಗಳಲ್ಲಿ ಒಂದು ಗಿಡದ ಕಥೆ ಉಂಟು, ಅದನ್ನು ಹೇಳದೆ ಮುಂದೆ ಹೋಗಲಾರೆ. ಬೈಬಲ್‌ನ ಯೋನನ ಪುಸ್ತಕದಲ್ಲಿ (ಮೀನಿನ ಹೊಟ್ಟೆಯೊಳಗೆ ಮೂರು ದಿನ ಇದ್ದನಲ್ಲ, ಅವನೇ) ಬಿಸಿಲಲ್ಲಿ ಕೂತ ಯೋನನಿಗೆ ನೆರಳಾಗಲಿ ಅಂತ ದೇವರು ಒಂದು ಗಿಡ ಬೆಳೆಸ್ತಾನೆ. ಹಳೆಯ ಲ್ಯಾಟಿನ್ ಅನುವಾದದಲ್ಲಿ ಅದು ಸೋರೆ ಜಾತಿಯ ಬಳ್ಳಿ. ಜೆರೋಮ್ ಅದನ್ನು ಗೋಡೆಗೆ ಹಬ್ಬುವ ಐವಿ ಬಳ್ಳಿ ಅಂತ ಬದಲಾಯಿಸಿದ. ಈಗಿನ ಲಿಬಿಯಾದ ಟ್ರಿಪೋಲಿಯಲ್ಲಿ ಒಬ್ಬ ಬಿಷಪ್ ಚರ್ಚಿನಲ್ಲಿ ಈ ಹೊಸ ಅನುವಾದ ಓದಿಸಿದಾಗ ಜನ ಎದ್ದು ಗಲಾಟೆ ಮಾಡಿದರು. ಅಜ್ಜ ಮುತ್ತಜ್ಜನ ಕಾಲದಿಂದ ಕೇಳಿಕೊಂಡು ಬಂದ ಗಿಡ ಎಲ್ಲಿ? ಆ ಬಿಷಪ್ ಊರಿನ ಯೆಹೂದ್ಯರನ್ನು ಕರೆಸಿ ಕೇಳಬೇಕಾಯ್ತು, ಜನ ಬಿಟ್ಟುಹೋದಾರು ಅಂತ ಹೆದರಿ ಹಳೆಯ ಪದಕ್ಕೇ ತಿದ್ದಬೇಕಾಯ್ತು. ಅಗಸ್ಟೀನ್ ಇದನ್ನೆಲ್ಲ ಸುಮಾರು 403ರಲ್ಲಿ ಜೆರೋಮ್‌ಗೆ ಬರೆದು, ಸ್ವಲ್ಪ ಹುಷಾರು ಮಾರಾಯ ಅನ್ನೋ ಧಾಟಿಯಲ್ಲಿ ಹೇಳಿದ. ಜೆರೋಮ್ ಬಗ್ಗಲಿಲ್ಲ. ಆ ಗಿಡಕ್ಕೆ ಲ್ಯಾಟಿನ್‌ನಲ್ಲಿ ಹೆಸರೇ ಇಲ್ಲ, ನಾನೇನು ಮಾಡಲಿ ಅಂದ. ಈಗಿನ ಅನೇಕ ವಿದ್ವಾಂಸರ ಪ್ರಕಾರ ಅದು ಸೋರೆಯೂ ಅಲ್ಲ, ಐವಿಯೂ ಅಲ್ಲ, ನಮ್ಮ ಹರಳೆಣ್ಣೆ ತೆಗೆಯುವ ಹರಳು ಗಿಡ!

ಇದು ತಮಾಷೆ ಅನಿಸಬಹುದು. ನನಗೆ ಹಾಗನಿಸಲಿಲ್ಲ. ಟ್ರಿಪೋಲಿಯ ಆ ಜನ ಗಿಡಕ್ಕಾಗಿ ಕೂಗಾಡಲಿಲ್ಲ. ಒಂದು ಗಿಡ ಬದಲಾದರೆ ಇನ್ನೂ ಏನೇನು ಬದಲಾಗಬಹುದು ಅಂತ ಹೆದರಿ ಕೂಗಾಡಿದರು. ಅಜ್ಜಿಯ ಆಮಂತ್ರಣದಲ್ಲಿ ಮಾವ ಬೆರಳಿಟ್ಟಿದ್ದೂ ಅದಕ್ಕೇ.

ಅಲ್ಲಿಂದ ಸಾವಿರಕ್ಕೂ ಹೆಚ್ಚು ವರ್ಷ ಎರಡು ಅಭಿಪ್ರಾಯವೂ ಒಂದೇ ಚರ್ಚಿನೊಳಗೆ ಹೇಗೋ ಬದುಕಿಕೊಂಡಿದ್ದವು. ಒಡೆದದ್ದು ದುಡ್ಡಿನಿಂದ. ಸತ್ತವರ ಆತ್ಮ ಸ್ವರ್ಗ ಸೇರುವ ಮೊದಲು ಶುದ್ಧಿಯಾಗುವ ಒಂದು ಸ್ಥಿತಿ ಉಂಟು, ಬದುಕಿರುವವರ ಪ್ರಾರ್ಥನೆ ಅವರಿಗೆ ನೆರವಾಗ್ತದೆ ಅನ್ನೋದು ಕ್ಯಾಥೊಲಿಕ್ ನಂಬಿಕೆ. 16ನೇ ಶತಮಾನದ ಜರ್ಮನಿಯಲ್ಲಿ ಇದನ್ನೇ ಹಿಡಿದುಕೊಂಡು, ದುಡ್ಡು ಕೊಟ್ಟರೆ ಸತ್ತವರ ಶಿಕ್ಷೆ ಕಡಿಮೆ ಅಂತ ಕ್ಷಮಾಪತ್ರ ಮಾರಲು ಹೊರಟರು. ರೋಮಿನ ಸಂತ ಪೇತ್ರರ ಬೆಸಿಲಿಕಾ ಕಟ್ಟಲು ಹಣ ಬೇಕಿತ್ತು. ಸತ್ತ ಅಪ್ಪ ಅಮ್ಮನ ಮೇಲಿನ ಪ್ರೀತಿಯನ್ನು ಬಳಸಿಕೊಂಡು ಬಡವರಿಂದ ದುಡ್ಡು ಕೀಳೋದು. ಮಾರ್ಟಿನ್ ಲೂಥರ್ 1517ರಲ್ಲಿ ತನ್ನ 95 ವಾದಗಳನ್ನು ಮುಂದಿಟ್ಟದ್ದು ಇದರ ವಿರುದ್ಧ. 1519ರಲ್ಲಿ ಲೈಪ್‌ಜಿಗ್‌ನಲ್ಲಿ ದೊಡ್ಡ ವಾದ ನಡೆದಾಗ ಎದುರಾಳಿ ಯೋಹಾನ್ ಎಕ್ ಎತ್ತಿ ತೋರಿಸಿದ್ದು ಅದೇ ಮಕ್ಕಬಿಯರ ಪುಸ್ತಕ. ಅದು ಹೀಬ್ರೂ ಪಟ್ಟಿಯಲ್ಲಿಲ್ಲ, ಅದನ್ನಿಟ್ಟುಕೊಂಡು ಏನನ್ನೂ ಸಾಬೀತು ಮಾಡಲಾಗದು ಅಂತ ಲೂಥರ್. ಜೆರೋಮ್ ಸತ್ತು 1100 ವರ್ಷ ಆಗಿತ್ತು, ಅವನ ವಾದ ಮತ್ತೆ ಎದ್ದು ಬಂತು.

ಹಾಗಂತ ಲೂಥರ್ ಆ ಪುಸ್ತಕಗಳನ್ನು ಹರಿದು ಎಸೆಯಲಿಲ್ಲ. 1534ರ ಅವನ ಜರ್ಮನ್ ಬೈಬಲ್‌ನಲ್ಲಿ ಎರಡು ಒಡಂಬಡಿಕೆಗಳ ನಡುವೆ ಬೇರೆ ಭಾಗ ಮಾಡಿ ಇಟ್ಟ. ಕ್ಯಾಥೊಲಿಕರು 1546ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ದೊಡ್ಡ ಪಟ್ಟಿಯೇ ಅಂತಿಮ ಅಂತ ಮುದ್ರೆ ಒತ್ತಿದರು. ಇಂಗ್ಲಿಷರ 1611ರ ಪ್ರಸಿದ್ಧ ಬೈಬಲ್‌ನಲ್ಲೂ ಅವು ಇದ್ದವು. ಪ್ರಾಟೆಸ್ಟಂಟರ ಬೈಬಲ್‌ಗಳಿಂದ ಅವು ಹೆಚ್ಚುಕಡಿಮೆ ಪೂರ್ತಿ ಮಾಯವಾದದ್ದು 19ನೇ ಶತಮಾನದಲ್ಲಿ. ಜಗತ್ತಿಗೆಲ್ಲ ಬೈಬಲ್ ಹಂಚುತ್ತಿದ್ದ ಬ್ರಿಟಿಷ್ ಬೈಬಲ್ ಸೊಸೈಟಿಯಲ್ಲಿ ದೊಡ್ಡ ಜಗಳವಾಗಿ, 1826ರ ಹೊತ್ತಿಗೆ ಆ ಪುಸ್ತಕಗಳಿಗೆ ನಮ್ಮ ಹಣ ಹಾಕೋದಿಲ್ಲ ಅಂತ ತೀರ್ಮಾನ ಆಯ್ತು. ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಹಂಚಿನ ಫ್ಯಾಕ್ಟರಿ, 'ಮಂಗಳೂರ ಸಮಾಚಾರ', ಕಿಟೆಲ್ ನಿಘಂಟು ಎಲ್ಲ ಆಮೇಲೆ. ಅಂದರೆ ನಮ್ಮಮ್ಮನ ಹಿರಿಯರ ಕೈಗೆ ಕನ್ನಡ ಬೈಬಲ್ ಬರುವ ಹೊತ್ತಿಗೆ ಜಗಳವೆಲ್ಲ ಯುರೋಪಿನಲ್ಲೇ ಮುಗಿದು, ಪಟ್ಟಿ ಕಟ್ ಆಗಿ ಬಂದಿತ್ತು. ಅಮ್ಮನ ಮನೆಯವರು ಆ ಏಳು ಪುಸ್ತಕಗಳನ್ನು ತಿರಸ್ಕರಿಸಲೇ ಇಲ್ಲ. ನೋಡಿಯೇ ಇರಲಿಲ್ಲ, ಅಷ್ಟೇ.

ಇಷ್ಟು ಓದಿದಾಗ ನನಗೆ ಎಲ್ಲ ಅರ್ಥವಾಯ್ತು ಅನಿಸಿತು. ಪುಸ್ತಕದ ಸಂಖ್ಯೆ ಬೇರೆ, ಆದ್ದರಿಂದ ನಂಬಿಕೆ ಬೇರೆ. ಇನ್‌ಪುಟ್ ಬೇರೆಯಾದರೆ ಔಟ್‌ಪುಟ್ ಬೇರೆ. ಆದರೆ ಉಡುಪಿಯ ನನ್ನ ಇನ್ನೊಬ್ಬ ರೂಮ್‌ಮೇಟ್ ಅದಕ್ಕೆ ತಣ್ಣೀರು ಎರಚಿದಳು. "ಎಂತ ಮಾರಾಯ್ತಿ, ಹಾಗಾದ್ರೆ ಒಂದೇ ಪುಸ್ತಕ ಇಟ್ಕೊಂಡವರು ಜಗಳ ಆಡೋದೇ ಇಲ್ವಾ? ನಮ್ಮ ಮಧ್ವಾಚಾರ್ಯರು, ಶಂಕರರು ಒಂದೇ ಉಪನಿಷತ್ತು ಓದಿದ್ದಲ್ವಾ?" ಛಾಂದೋಗ್ಯ ಉಪನಿಷತ್ತಿನ ಪ್ರಸಿದ್ಧ ಮಹಾವಾಕ್ಯವನ್ನು ಶಂಕರರು ಜೀವ ಬ್ರಹ್ಮ ಒಂದೇ ಅಂತ ಓದಿದರೆ, ಮಧ್ವರು ಹಿಂದಿನ ಪದದ ಸಂಧಿ ಬೇರೆ ಥರ ಬಿಡಿಸಿ, ಒಂದು 'ಅ' ಹೊರಗೆ ತೆಗೆದು, ನೀನು ಅದಲ್ಲ ಅಂತ ಓದಿದರಂತೆ. ಒಂದು ಅಕ್ಷರ. ಅದ್ವೈತ ದ್ವೈತ ಆಯ್ತು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಅವಳು ಹೇಳಿದ್ದು ಸರಿ, ನಮ್ಮಲ್ಲೂ ಹಾಗೇ ಉಂಟು. ಯೇಸುವಿನ ಪಕ್ಕ ಶಿಲುಬೆಯಲ್ಲಿದ್ದ ಕಳ್ಳನ ಕಥೆ ನೋಡಿ. ಅವನಿಗೆ ಯೇಸು ಪರದೈಸಿನ ಮಾತು ಕೊಡ್ತಾನೆ, ಆ ಮಾತಿನಲ್ಲಿ 'ಈ ದಿನ' ಅನ್ನೋ ಪದ ಬರ್ತದೆ. ಈ ದಿನವೇ ನೀನು ನನ್ನ ಜೊತೆ ಪರದೈಸಿನಲ್ಲಿರುವೆ ಅಂತಲೋ, ಅಥವಾ ಈ ದಿನ ನಿನಗೆ ಹೇಳುತ್ತೇನೆ, ಮುಂದೆ ಇರುವೆ ಅಂತಲೋ? ಹೆಚ್ಚಿನ ಚರ್ಚುಗಳು ಮೊದಲನೇದನ್ನು ಒಪ್ತಾರೆ. ಯೆಹೋವನ ಸಾಕ್ಷಿಗಳ ಅನುವಾದದಲ್ಲಿ ಎರಡನೇದು, ಯಾಕೆಂದರೆ ಅವರ ಪ್ರಕಾರ ಸತ್ತವರಿಗೆ ಪುನರುತ್ಥಾನದವರೆಗೆ ಯಾವ ಪ್ರಜ್ಞೆಯೂ ಇಲ್ಲ. ಮೊದಲ ಶತಮಾನಗಳ ಗ್ರೀಕ್ ಹಸ್ತಪ್ರತಿಗಳಲ್ಲಿ ಪದಗಳ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ, ಇನ್ನು ಈಗಿನಂಥ ಕಾಮಾ ಎಲ್ಲಿಂದ ಬರಬೇಕು? ಸಿ ಪ್ರೋಗ್ರಾಂನಲ್ಲಿ ಒಂದು ಸೆಮಿಕೋಲನ್ ಬಿಟ್ಟರೆ ಕಂಪೈಲರ್ ಬೈತದೆ. ಇಲ್ಲಿ ಬೈಯಲು ಕಂಪೈಲರ್ ಇಲ್ಲ. ಮಾವನ 'ತಲುಪಿ ಆಗಿದೆ' ಅನ್ನೋ ಮಾತಿಗೆ ಆಧಾರ ಇದೇ ವಾಕ್ಯ. ಅಜ್ಜಿ ಎಲ್ಲಿದ್ದಾರೆ ಅನ್ನೋದು ಒಂದು ಕಾಮಾ ಮೇಲೆ ನಿಂತಿದೆ ಅಂದರೆ ಒಂಥರಾ ಭಯ ಆಗ್ತದೆ.

ಇನ್ನೊಂದು ಲೂಥರ್‌ದೇ ಕಥೆ. 1529ರ ಅಕ್ಟೋಬರಿನಲ್ಲಿ ಮಾರ್ಬುರ್ಗ್ ಕೋಟೆಯಲ್ಲಿ ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿ ಎದುರುಬದುರು ಕೂತರು. ಇಬ್ಬರೂ ರೋಮಿನ ವಿರೋಧಿಗಳು. ಒಗ್ಗಟ್ಟಾಗದಿದ್ದರೆ ಚಕ್ರವರ್ತಿಯ ಸೈನ್ಯದ ಎದುರು ಉಳಿಗಾಲವಿಲ್ಲ ಅಂತ ಅಲ್ಲಿನ ಅರಸ ಫಿಲಿಪ್ ಕರೆಸಿದ್ದು. 15 ಅಂಶಗಳಲ್ಲಿ 14ಕ್ಕೆ ಒಪ್ಪಿದರು. ಕೊನೆಯದ್ದರಲ್ಲಿ ಸಿಕ್ಕಿಬಿದ್ದರು. ಯೇಸು ಕೊನೆಯ ಊಟದಲ್ಲಿ ರೊಟ್ಟಿ ಹಿಡಿದು ಅದು ತನ್ನ ದೇಹ ಅಂದನಲ್ಲ, ಅದರ ಅರ್ಥವೇನು? ಜ್ವಿಂಗ್ಲಿಯ ಪ್ರಕಾರ ಸೂಚಿಸುತ್ತದೆ ಅಂತ. ಯೇಸು ತನ್ನನ್ನು ಬಾಗಿಲು, ದ್ರಾಕ್ಷಿಬಳ್ಳಿ ಅಂತಲೂ ಕರೆದುಕೊಂಡಿದ್ದಾನೆ, ಅದನ್ನು ಯಾರಾದರೂ ಅಕ್ಷರಶಃ ತಗೊಳ್ತಾರಾ? ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಆ ಲ್ಯಾಟಿನ್ ವಾಕ್ಯ ಬರೆದಿಟ್ಟುಕೊಂಡು, 'ಆಗಿದೆ' ಅಂದರೆ ಆಗಿದೆ, ಅಷ್ಟೇ ಅಂದ. ಕೊನೆಗೆ ಸಹೋದರ ಅಂತ ಕೈ ಕೊಡಲೂ ಒಪ್ಪಲಿಲ್ಲ. ಎಲ್ಲ ಆ ಒಂದು ಕ್ರಿಯಾಪದದ ಮೇಲೆ.

ಈಗ ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. ನಮ್ಮಲ್ಲಿ ಆ ಕ್ರಿಯಾಪದ ಬೇಕಾಗೋದೇ ಇಲ್ಲ! 'ಇದು ನನ್ನ ಮನೆ' ಅನ್ನೋ ಹಾಗೆ ಮೂರೇ ಪದ. ಯೇಸು ಆಡುತ್ತಿದ್ದ ಅರಾಮಿಕ್‌ನಲ್ಲೂ ಅಂಥ ವಾಕ್ಯಕ್ಕೆ ಆ ಪದ ಕಡ್ಡಾಯವಲ್ಲವಂತೆ. ಹಾಗಂತ ಕನ್ನಡಿಗರ ನಡುವೆ ಜಗಳ ಇಲ್ಲ ಅಂದುಕೊಳ್ಳಬೇಡಿ. ಕ್ಯಾಥೊಲಿಕರಿಗೆ ಪೂಜೆಯಲ್ಲಿ ಆ ರೊಟ್ಟಿ ನಿಜವಾಗಿ ಕ್ರಿಸ್ತನ ದೇಹ ಆಗ್ತದೆ, ಇದನ್ನು ಒಪ್ಪದ ಚರ್ಚಿನವರು ಸಾಮಾನ್ಯವಾಗಿ ಅದನ್ನು ಸ್ವೀಕರಿಸುವಂತಿಲ್ಲ. ಅದಕ್ಕೇ ನಾವು ಮೂವರೂ ಪಪ್ಪನ ಚರ್ಚಿಗೆ ಹೋದ ದಿನ, ಪರಮಪ್ರಸಾದಕ್ಕೆ ಎಲ್ಲರೂ ಲೈನ್ ನಿಂತಾಗ ಅಮ್ಮ ಬೆಂಚಲ್ಲೇ ಕೂತಿರ್ತಾಳೆ. ಚಿಕ್ಕವಳಿದ್ದಾಗ ನಾನು ವಾಪಸ್ ಬರುವವರೆಗೆ ನನ್ನ ಚಪ್ಪಲಿ ಕಾಯ್ತಾ ಕೂತಿದ್ದಾಳೆ ಅಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷದಿಂದ ಕೂತಿದ್ದಾಳೆ. ಬೇಜಾರಿಲ್ವಾ ಅಂತ ಕೇಳಿದರೆ "ಅವರವರ ಕ್ರಮ" ಅಂತಾಳೆ. ನನಗೆ ಬೇಜಾರುಂಟು.

ಹಾಗಾದರೆ ಪಟ್ಟಿಯೂ ಅಲ್ಲ, ಪದವೂ ಅಲ್ಲ, ಮತ್ತೇನು? ಇದನ್ನು ನಾನು ದೀಪಾವಳಿ ರಜೆಯಲ್ಲಿ ಪಪ್ಪ ಮತ್ತು ಮಾವ ಇಬ್ಬರೂ ಇದ್ದಾಗ ಕೇಳಿದೆ. ಆವತ್ತು ನಡೆದ ಮಾತು ನನಗೆ ಯಾವ ಪುಸ್ತಕಕ್ಕಿಂತ ಹೆಚ್ಚು ಕಲಿಸಿತು.

ಪಪ್ಪ ಕೇಳಿದರು: "ಬೈಬಲ್ ಒಂದೇ ಸಾಕು ಅಂತೀರಲ್ಲ ಭಾವ, ಬೈಬಲ್‌ನಲ್ಲಿ ಯಾವ ಯಾವ ಪುಸ್ತಕ ಇರಬೇಕು ಅನ್ನೋ ಪಟ್ಟಿ ಬೈಬಲ್‌ನ ಯಾವ ಪುಟದಲ್ಲುಂಟು?"

ಮಾವ ನಕ್ಕರು. "ಪಟ್ಟಿ ಇಲ್ಲ, ಗೊತ್ತು. ಆದರೆ ಸಭೆ ಪುಸ್ತಕವನ್ನು ಮಾಡಿದ್ದಲ್ಲ, ಗುರುತಿಸಿದ್ದು. ಚಿನ್ನವನ್ನು ಅಕ್ಕಸಾಲಿಗ ಗುರುತಿಸ್ತಾನೆ, ಚಿನ್ನ ಮಾಡ್ತಾನಾ?"

"ಅಕ್ಕಸಾಲಿಗನ ಮೇಲೆ ನಂಬಿಕೆ ಇರಬೇಕಲ್ಲ ಮತ್ತೆ?"

"ಆ ಅಕ್ಕಸಾಲಿಗ ಒಮ್ಮೆ ಕ್ಷಮಾಪತ್ರ ಮಾರಿದ್ದಾನಲ್ಲ ಭಾವ. ಅವನ ತಕ್ಕಡಿಯನ್ನೂ ಯಾರಾದ್ರೂ ತೂಗಿ ನೋಡ್ಬೇಕಲ್ವಾ?"

ನನ್ನ ಪ್ರಕಾರ ಇಡೀ ವಿಷಯ ಈ ನಾಲ್ಕು ಮಾತಿನಲ್ಲಿದೆ. ಯಾರೂ ಓದದೆ ಜಗಳ ಆಡ್ತಿಲ್ಲ. ಇದು ಹೀಗೇ ಅಂತ ಹೇಳುವ ಹಕ್ಕು ಯಾರದ್ದು ಅನ್ನೋದೇ ಜಗಳ. ಪುಸ್ತಕವನ್ನು ಕಾಪಾಡಿಕೊಂಡು ಬಂದ ಸಮುದಾಯದ್ದಾ, ಅಥವಾ ಆ ಸಮುದಾಯವನ್ನೇ ತಿದ್ದುವ ಪುಸ್ತಕದ್ದಾ? ಪಟ್ಟಿಯ ವಿಷಯದಲ್ಲಿ ಪಪ್ಪನ ಪ್ರಶ್ನೆಗೆ ಮಾವನ ಉತ್ತರ ನನಗೆ ಸಾಲದು ಅನಿಸಿತು. ಆದರೆ ತಕ್ಕಡಿಯ ಮಾತಿಗೆ ಪಪ್ಪನ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇಲ್ಲ. ಆರ್ಥೊಡಾಕ್ಸ್ ಚರ್ಚಿನವರನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಅವರು ಸತ್ತವರಿಗಾಗಿ ಯಾವಾಗಲೂ ಪ್ರಾರ್ಥಿಸ್ತಾರೆ, ಆದರೆ ರೋಮಿನವರು ಹೇಳುವ ಆ ಶುದ್ಧೀಕರಣದ ಸಿದ್ಧಾಂತವನ್ನು ಒಪ್ಪೋದಿಲ್ಲ. ಅಜ್ಜಿಗಾಗಿ ಪ್ರಾರ್ಥಿಸುವುದಕ್ಕೆ ಅಜ್ಜಿ ಎಲ್ಲಿದ್ದಾರೆ ಅಂತ ಪೂರ್ತಿ ಗೊತ್ತಿರಲೇಬೇಕು ಅಂತಿಲ್ಲ ಅನ್ನೋ ಹಾಗೆ.

ಕೂಡಿಕೊಂಡದ್ದೂ ಇಲ್ಲದಿಲ್ಲ. ಲೂಥರ್ ಕಡೆಯವರೂ ಜ್ವಿಂಗ್ಲಿ ಕಡೆಯವರೂ ಸೇರಿ ನಡೆಸಿದ್ದೇ ಬಾಸೆಲ್ ಮಿಷನ್. ಮಾರ್ಬುರ್ಗ್‌ನಲ್ಲಿ ಕೈ ಕೊಡದವರ ಮೊಮ್ಮಕ್ಕಳು ಮಂಗಳೂರಿನಲ್ಲಿ ಒಟ್ಟಿಗೆ ಹಂಚು ಸುಟ್ಟರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಎಲ್ಲ ಸೇರಿ ಸಿಎಸ್‌ಐ ಆಯ್ತು, ಕರಾವಳಿಯ ಬಾಸೆಲ್ ಸಭೆಗಳೂ ಮುಂದೆ ಅದರೊಳಗೆ ಬಂದವು. 1999ರ ಅಕ್ಟೋಬರ್ 31ಕ್ಕೆ ಲೂಥರನ್ನರೂ ಕ್ಯಾಥೊಲಿಕರೂ ಆಗ್ಸ್‌ಬುರ್ಗ್‌ನಲ್ಲಿ, ಮನುಷ್ಯ ದೇವರ ಕೃಪೆಯಿಂದ ಹೇಗೆ ಉದ್ಧಾರವಾಗ್ತಾನೆ ಅನ್ನೋ ಮೂಲ ಜಗಳದ ಬಗ್ಗೆ ಜಂಟಿ ಹೇಳಿಕೆಗೆ ಸಹಿ ಹಾಕಿದರು. ಮಾವನಿಗೆ ಹೇಳಿದಾಗ "ಹೌದಾ?" ಅಂದರು. ಪಪ್ಪನೂ "ಹೌದಾ?" ಅಂದರು. ಸಹಿ ಹಾಕಿದ ಸುದ್ದಿ ಮನೆ ತಲುಪಲು ಇಷ್ಟು ವರ್ಷ ಬೇಕಾಯ್ತು.

ನವೆಂಬರ್ 2 ಕ್ಯಾಥೊಲಿಕರಿಗೆ ಸತ್ತವರ ದಿನ. ಪಪ್ಪನ ಕಡೆಯ ಸ್ಮಶಾನದಲ್ಲಿ ಆವತ್ತು ಸಂಜೆ ಜಾಗವಿಲ್ಲದಷ್ಟು ಜನ, ಎಲ್ಲ ಸಮಾಧಿಗಳ ಮೇಲೂ ಹೂವು, ಮೇಣದಬತ್ತಿ. ಅಜ್ಜಿ ಇರುವುದು ಬೇರೆ ಕಡೆ, ಅಮ್ಮನವರ ಸ್ಮಶಾನದಲ್ಲಿ. ಅಲ್ಲಿ ಆವತ್ತು ಯಾರೂ ಬರೋದಿಲ್ಲ. ಪಪ್ಪ ತನ್ನ ಅಪ್ಪ ಅಮ್ಮನಿಗೆ ಹಚ್ಚಿ ಮುಗಿಸಿ, ಉಳಿದ ಒಂದು ಬತ್ತಿ ಹಿಡಿದುಕೊಂಡು ಅಲ್ಲಿಗೆ ಬಂದರು. ಮಾವ ಮೊದಲೇ ಅಲ್ಲಿದ್ದರು, ಸಮಾಧಿ ಸುತ್ತ ಹುಲ್ಲು ಕೀಳ್ತಾ. ಪಪ್ಪ ಹಚ್ಚಿದ್ದನ್ನು ನೋಡಿ "ಗಾಳಿಗೆ ನಿಲ್ಲೋದಿಲ್ಲ ಭಾವ" ಅಂದರು. ಬೇರೇನೂ ಹೇಳಲಿಲ್ಲ. ಅದು ನಾಲ್ಕು ಸಲ ಆರಿತು, ನಾಲ್ಕು ಸಲ ಪಪ್ಪ ಹಚ್ಚಿದರು.

ಬರುವಾಗ ಆಟೋದಲ್ಲಿ ಅಮ್ಮ ಮೆಲ್ಲಗೆ ಕೇಳಿದಳು, "ನಾಳೆ ನಾನು ಸತ್ರೆ ನೀನು ಎಂತ ಮಾಡ್ತೀ? ಸ್ತೋತ್ರವಾ, ಪೂಜೆಯಾ?" ನಾನು "ಸುಮ್ನಿರಮ್ಮ" ಅಂದೆ. ಅವಳು ತಮಾಷೆಗೆ ಕೇಳಿದ್ದಲ್ಲ. ನನ್ನ ಬ್ಯಾಪ್ಟಿಸಂ ಪಪ್ಪನ ಚರ್ಚಿನಲ್ಲಿ ಆದದ್ದು, ಪ್ರಾರ್ಥನೆ ಕಲಿತದ್ದು ಅಜ್ಜಿಯ ತೊಡೆಯ ಮೇಲೆ. ಆ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ.

ಆಮಂತ್ರಣದಲ್ಲಿ ಕೊನೆಗೆ ಏನು ಹಾಕಿದೆವು ಅಂತ ಕೇಳ್ತೀರಾ? 'ಅವರ ಸ್ಮರಣೆಯಲ್ಲಿ ಪ್ರಾರ್ಥನೆ' ಅಂತ. ಪಪ್ಪನೂ ಓದಿ ತಲೆ ಆಡಿಸಿದರು, ಮಾವನೂ ಆಡಿಸಿದರು. ಯಾರಿಗಾಗಿ ಪ್ರಾರ್ಥನೆ ಅಂತ ಅದರಲ್ಲಿ ಇಲ್ಲ.

ಕ್ರಿಸ್ಮಸ್ ರಜೆಯಲ್ಲಿ ಮನೆಗೆ ಹೋದಾಗ ಶೋಕೇಸಿನಲ್ಲಿ ಒಂದೇ ಬೈಬಲ್ ಇತ್ತು. ಪಪ್ಪನ ಶ್ರೀಗ್ರಂಥ ಎಲ್ಲಿ ಅಂತ ಕೇಳಿದರೆ, ಮಾವ ತಗೊಂಡು ಹೋಗಿದ್ದಾರೆ ಅಂದಳು ಅಮ್ಮ. ಮಕ್ಕಬಿಯರ ಪುಸ್ತಕ ಓದ್ತಾರಂತೆ. "ಚರಿತ್ರೆ ಅಂತ ಓದೋದು, ಬೇರೆ ಎಂತದ್ದೂ ಇಲ್ಲ" ಅಂತ ಪಪ್ಪನಿಗೆ ಎರಡೆರಡು ಸಲ ಹೇಳಿ ಹೋದರಂತೆ. ಥೇಟ್ ಜೆರೋಮ್. ಈಗ ಮಾರ್ಚ್. ಪುಸ್ತಕ ಇನ್ನೂ ವಾಪಸ್ ಬಂದಿಲ್ಲ.